ಬಾಗಿಲು ಮುಚ್ಚಿದ ಮೇಲೆ ದೀಪ ಆರುತ್ತದೆಯೇ?

ನಮ್ಮ ಮನೆಗೆ ಮೊದಲ ಫ್ರಿಜ್ಜು ಬಂದಾಗ ಮಗಳಿಗೆ ಐದು ವರ್ಷ. ಒಳಗಿಟ್ಟ ಐಸ್‌ಕ್ರೀಮಿಗಿಂತ ಒಳಗಿನ ದೀಪವೇ ಅವಳಿಗೆ ದೊಡ್ಡ ಸಮಸ್ಯೆಯಾಯಿತು. ಬಾಗಿಲು ತೆರೆದರೆ ಹತ್ತುತ್ತದೆ, ಸರಿ. ಮುಚ್ಚಿದ ಮೇಲೆ ಆರುತ್ತದೆ ಎಂದು ಹೇಗೆ ನಂಬುವುದು? ನೋಡಿದವರು ಯಾರು? ಬಾಗಿಲನ್ನು ಕೂದಲೆಳೆಯಷ್ಟು ಸರಿಸಿ, ಒಂದು ಕಣ್ಣು ಮುಚ್ಚಿ ಇಣುಕುತ್ತ ಆಕೆ ಅರ್ಧರ್ಧ ಗಂಟೆ ನಿಲ್ಲುವಳು. "ಕರೆಂಟು ಬಿಲ್ಲು ನಿನ್ನಪ್ಪ ಕಟ್ಟುತ್ತಾರಾ?" ಎಂದು ಅವಳಪ್ಪನೆದುರೇ ಗದರಿಸಿ ನಾನು ನಗೆಪಾಟಲಾದದ್ದೂ ಉಂಟು. ಕೊನೆಗೆ ಇವರೇ ಅವಳ ಬೆರಳು ಹಿಡಿದು, ಬಾಗಿಲಂಚಿನಲ್ಲಿ ಅಡಗಿದ್ದ ಪುಟ್ಟ ಗುಂಡಿಯನ್ನು ಒತ್ತಿಸಿ ತೋರಿಸಿದರು. ಒತ್ತಿದರೆ ಕತ್ತಲೆ, ಬಿಟ್ಟರೆ ಬೆಳಕು. ಅಂದಿನಿಂದ ಫ್ರಿಜ್ಜಿಗೆ ನೆಮ್ಮದಿ.

ಆ ಗುಂಡಿ ಇಪ್ಪತ್ತೈದು ವರ್ಷಗಳ ಮೇಲೆ ನನ್ನ ಜೀವನದೊಳಗೆ ಮತ್ತೆ ಬಂದು ಸೇರುತ್ತದೆಂದು ಯಾರಿಗೆ ಗೊತ್ತಿತ್ತು?

ನಮ್ಮದು ಶಿರಸಿಯಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ವ್ಯವಹಾರ. ಮದುವೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಏನೇ ಇರಲಿ, ಹಂಡೆ ಕೊಪ್ಪರಿಗೆಯಿಂದ ಹಿಡಿದು ಉಪ್ಪು ಬಡಿಸುವ ಪುಟ್ಟ ಬಟ್ಟಲಿನವರೆಗೆ ಒಯ್ದು ಕೊಡುವುದು, ಮುಗಿದ ಮೇಲೆ ಎಣಿಸಿ ತರುವುದು. ಇವರು 2009ರಲ್ಲಿ ಕೊಂಡ ಬೊಲೆರೊ ಗಾಡಿ ನಮ್ಮ ಲಕ್ಷ್ಮಿ. ಹಿಂದಿನ ಎದುರುಬದುರು ಸೀಟುಗಳನ್ನು ಕಳಚಿ ಅಟ್ಟಕ್ಕೆ ಹಾಕಿ, ಆ ಜಾಗವನ್ನೆಲ್ಲ ಪಾತ್ರೆಗೆ ಬಿಟ್ಟುಕೊಟ್ಟಿದ್ದೇವೆ. ಹಿಂಬಾಗಿಲು ಬೀರುವಿನ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತದೆ, ಅದರ ಬೆನ್ನಿಗೊಂದು ಸ್ಟೆಪ್ನಿ ಚಕ್ರ. ಎಲ್ಲ ಅನುಕೂಲವೇ. ಬೆಳಕೊಂದಿಲ್ಲ. ನಡುಮಾಡಿನಲ್ಲಿ ಒಂದು ದೀಪವಿದೆ, ಹೌದು. ಆದರೆ ಕೊಪ್ಪರಿಗೆಯೊಂದನ್ನು ಏರಿಸಿಬಿಟ್ಟರೆ ಆ ದೀಪದ ಬೆಳಕು ಕೊಪ್ಪರಿಗೆಯ ತಳವನ್ನು ಬೆಳಗುತ್ತದೆಯೇ ಹೊರತು ನನ್ನನ್ನಲ್ಲ.

ಪಾತ್ರೆ ಎಣಿಸುವ ಕೆಲಸ ಯಾವಾಗಲೂ ರಾತ್ರಿಯದು. ಬಡಿಸಿ, ಉಂಡು, ತೊಳೆದು ಮುಗಿಯುವಾಗ ಹತ್ತೂವರೆ ಹನ್ನೊಂದು. ಮನೆಯವರು ಸುಸ್ತಾಗಿ ಚಪ್ಪರದ ದೀಪ ಆರಿಸುವ ತರಾತುರಿಯಲ್ಲಿರುತ್ತಾರೆ. ನಮ್ಮತ್ತೆಯ ಕಾಲದಲ್ಲಿ ಗ್ಯಾಸ್‌ಲೈಟು ಹಿಡಿದು ಎಣಿಸುತ್ತಿದ್ದರಂತೆ. ನನ್ನ ಕಾಲಕ್ಕೆ ಮೊಬೈಲಿನ ಟಾರ್ಚು. ಅದನ್ನು ಹಿಡಿದುಕೊಳ್ಳಲು ಮೂರನೆಯ ಕೈ ಬೇಕು. ಕಂಕುಳಲ್ಲಿ ಸಿಕ್ಕಿಸಿದರೆ ಜಾರುತ್ತದೆ, ಹಲ್ಲಿನಲ್ಲಿ ಕಚ್ಚಿದರೆ "ಮೂವತ್ತೆರಡು, ಮೂವತ್ಮೂರು" ಎನ್ನಲಾಗುವುದಿಲ್ಲ. ನಮ್ಮ ಪಾತ್ರೆಗಳ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿದೆ. ಆದರೆ ಕತ್ತಲೆಯಲ್ಲಿ ಹೆಸರಿದ್ದರೇನು, ಇಲ್ಲದಿದ್ದರೇನು. ಮನೆಯವರ ಸ್ವಂತ ಸೌಟು ನಮ್ಮ ಗೋಣಿಯೊಳಕ್ಕೆ, ನಮ್ಮ ಜಾಲರಿ ಸೌಟು ಅವರ ಅಡುಗೆಮನೆಗೆ ಸೇರುವುದು ಮಾಮೂಲು.

ಸೌಟಿನ ಮಟ್ಟದಲ್ಲೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 2021ರ ಡಿಸೆಂಬರಿನ ಒಂದು ಮದುವೆಯಲ್ಲಿ ಹಿತ್ತಾಳೆಯ ತಪ್ಪಲೆಯೊಂದು ಲೆಕ್ಕಕ್ಕೆ ಸಿಗಲಿಲ್ಲ. ಅತ್ತೆಯ ತವರಿನದು, ಈಗ ಅಂಥದು ಮಾಡುವವರೂ ಇಲ್ಲ. ಮೂರು ಸಲ ಎಣಿಸಿದೆ. ಪಾತ್ರೆ ತೊಳೆಯಲು ಬರುತ್ತಿದ್ದ ಹಿರಿಯಾಕೆಯೊಬ್ಬರು ಅಲ್ಲೇ ಕಟ್ಟೆಯ ಮೇಲೆ ಕುಳಿತು ಎಲೆ ಹಾಕುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕಯ್ಯ ಎಂದೇ ಕರೆಯುವುದು. ಹನ್ನೆರಡು ವರ್ಷದಿಂದ ನಮ್ಮ ಜತೆಗಿದ್ದವರು. ಚಳಿ, ನಿದ್ದೆ, ಹಸಿವು, ಎಲ್ಲ ಸೇರಿ ನನ್ನ ನಾಲಿಗೆಯಲ್ಲಿ ಕುಳಿತಿದ್ದವೋ ಏನೋ. "ಅಕ್ಕಯ್ಯ, ನಿಮ್ಮ ಚೀಲದಲ್ಲೇನಾದರೂ ಸೇರಿಕೊಂಡಿದೆಯಾ ನೋಡಿ" ಎಂದುಬಿಟ್ಟೆ.

ಅವರು ಏನೂ ಹೇಳಲಿಲ್ಲ. ಎದ್ದು ಬಂದು ತಮ್ಮ ಬಟ್ಟೆಯ ಚೀಲವನ್ನು ನನ್ನೆದುರು ಬೋರಲು ಮಾಡಿದರು. ಒಂದು ಹಳೆಯ ಸೀರೆ, ಎಲೆ ಅಡಿಕೆಯ ಸಂಚಿ, ಮೊಮ್ಮಗನಿಗೆಂದು ಬಾಳೆಲೆಯಲ್ಲಿ ಕಟ್ಟಿಸಿಕೊಂಡ ಎರಡು ಹೋಳಿಗೆ. ನನ್ನ ಮೊಬೈಲಿನ ಟಾರ್ಚು ಅವುಗಳ ಮೇಲೇ ಬಿದ್ದಿತ್ತು. ಆರಿಸುವುದಕ್ಕೂ ನನಗೆ ತೋಚಲಿಲ್ಲ.

ತಪ್ಪಲೆ ಮರುದಿನ ಬೆಳಿಗ್ಗೆ ಸಿಕ್ಕಿತು. ನಮ್ಮ ಗಾಡಿಯಲ್ಲೇ, ಜಮಖಾನದ ಸುರುಳಿಯ ಹಿಂದೆ, ಕೊಪ್ಪರಿಗೆಯೊಂದರ ಒಳಗೆ ಬೆಚ್ಚಗೆ ಕುಳಿತಿತ್ತು. ನಾನೇ ಇಟ್ಟದ್ದಿರಬೇಕು. ಆಗಲೇ ಅಕ್ಕಯ್ಯನ ಮನೆಗೆ ಓಡಿದೆ. "ಸಿಕ್ಕಿತಲ್ಲ ತಂಗಿ, ಒಳ್ಳೇದಾಯ್ತು" ಎಂದರು. ಚಹಾ ಮಾಡಿಕೊಟ್ಟರು. ಆದರೆ ಮುಂದಿನ ಮದುವೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಸೊಂಟನೋವು ಎಂದು ಹೇಳಿ ಕಳಿಸಿದರು.

ಇನ್ನೊಂದು ಕತ್ತಲೆ ಗಾಡಿಯ ಮುಂಭಾಗದ್ದು. ಅದನ್ನು ಹೇಳಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. ಇವರಿಗೆ ಓದಿ ಹೇಳಿದ ಮೇಲೆ, "ಬರಿ, ಅದಕ್ಕೇನು" ಎಂದಿದ್ದಾರೆ.

ಇವರಿಗೆ ಸಕ್ಕರೆ ಕಾಯಿಲೆ ಹದಿನೆಂಟು ವರ್ಷದಿಂದ. ಕಣ್ಣಿನ ಹಿಂಪೊರೆಯ ಸಣ್ಣ ರಕ್ತನಾಳಗಳಿಗೆ ಅದು ತಾಗಿದ್ದು ಗೊತ್ತಾದಾಗ ತಡವಾಗಿತ್ತು. 2021ರಲ್ಲಿ ಎರಡೂ ಕಣ್ಣಿಗೆ ಲೇಸರ್ ಆಯಿತು. ಇದ್ದ ದೃಷ್ಟಿಯನ್ನು ಉಳಿಸಿಕೊಳ್ಳಲು ಮಾಡುವ ಚಿಕಿತ್ಸೆ ಅದು, ಹೋದದ್ದನ್ನು ತರುವುದಕ್ಕಲ್ಲ. ಪಕ್ಕದ ನೋಟ, ಮಬ್ಬುಗತ್ತಲಿನ ನೋಟ ಸ್ವಲ್ಪ ಕಡಿಮೆಯಾಗಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ರಾತ್ರಿ ಗಾಡಿ ಓಡಿಸಬೇಡಿ ಎಂದೂ ಹೇಳಿದರು. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಲೈಸೆನ್ಸು ಮಾಡಿಸಿದ್ದು ಹೀಗೆ. ಬೊಲೆರೊ ಓಡಿಸುವ ಹೆಂಗಸನ್ನು ನೋಡಲು ಅಡಿಕೆ ಮಂಡಿಯೆದುರು ಜನ ನಿಂತದ್ದು, ನಾನು ರಿವರ್ಸ್ ತೆಗೆಯುವಾಗ ನಾಲ್ಕು ಗಂಡಸರು ನಾಲ್ಕು ದಿಕ್ಕಿನಿಂದ ಕೈಯಾಡಿಸಿ ನನ್ನನ್ನು ಚರಂಡಿಗಿಳಿಸಿದ್ದು, ಇವೆಲ್ಲ ಬೇರೆಯೇ ಪ್ರಬಂಧಕ್ಕಾದೀತು.

ಸ್ಟಿಯರಿಂಗು ನನಗೆ ಬಿಟ್ಟುಕೊಟ್ಟರೂ ಬಾನೆಟ್ಟನ್ನು ಇವರು ಬಿಡಲಿಲ್ಲ. ಬೆಳಗಿನ ಐದಕ್ಕೆ ಎದ್ದು, ಬಾನೆಟ್ಟು ಎತ್ತಿ ಕಂಬಿ ಆನಿಸಿ, ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡುವುದು, ರೇಡಿಯೇಟರಿನ ನೀರು, ಬ್ರೇಕ್ ಆಯಿಲ್, ಫ್ಯಾನ್ ಬೆಲ್ಟು, ಇದೆಲ್ಲ ಅವರಿಗೆ ಸಂಧ್ಯಾವಂದನೆಯಷ್ಟೇ ನಿಯಮದ್ದು. ಕಣ್ಣು ಮುಚ್ಚಿಯೂ ಮಾಡಬಲ್ಲೆ ಎನ್ನುತ್ತಿದ್ದರು. ಅದು ಹೆಚ್ಚುಗಾರಿಕೆಯ ಮಾತೆಂದು ನಾನು ತಿಳಿದಿದ್ದೆ.

2022ರ ಫೆಬ್ರವರಿಯಲ್ಲಿ ಕುಮಟಾ ಕಡೆಯ ಒಂದು ಉಪನಯನಕ್ಕೆ ಪಾತ್ರೆ ಇಳಿಸಲು ನಸುಕಿನಲ್ಲೇ ಹೊರಟೆವು. ದೇವಿಮನೆ ಘಟ್ಟದ ತಿರುವುಗಳಲ್ಲಿ ಸುಟ್ಟ ಎಣ್ಣೆಯ ವಾಸನೆ ಶುರುವಾಯಿತು. ಮೊದಲು ನಾನು ಬೋಂಡಾ ಕರಿದ ಬಾಣಲೆ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಂಡೆ. ನಮ್ಮ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡಿ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ. ಗಾಡಿ ನಿಲ್ಲಿಸಿ ಇಬ್ಬರೂ ಇಳಿದೆವು. ಸುತ್ತ ಕಾಡು, ಕೈಗೆ ಕೈ ಕಾಣದ ಕತ್ತಲೆ. ಇವರು ಬಾನೆಟ್ಟು ಎತ್ತಿದರು, ನಾನು ಮೊಬೈಲು ಹಿಡಿದೆ. ಎಂಜಿನ್ನಿನ ನೆತ್ತಿಯ ಮೇಲೆ, ಆಯಿಲ್ ಹಾಕುವ ಮುಚ್ಚಳದ ಸುತ್ತ, ಕಪ್ಪಗೆ ಹರಿದ ಎಣ್ಣೆ ಇಳಿದು ಕಾದ ಹೊಗೆಕೊಳವೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ, ಏನೂ ಗೊತ್ತಿಲ್ಲದ ನನಗೆ, ಅದು ಕಂಡಿತು. ಬೆಳಿಗ್ಗೆ ಆಯಿಲ್ ಹಾಕುವಾಗ ಅರ್ಧ ಹೊರಗೇ ಚೆಲ್ಲಿದೆ. ಇವರು ಮಾತ್ರ ಬ್ಯಾಟರಿಯ ಕಡೆ ಬಾಗಿ, "ಏನಿಲ್ಲ ಮಾರಾಯ್ತಿ, ಎಲ್ಲ ಸರಿ ಇದೆ" ಎಂದರು.

ನಾನು ಸುಮ್ಮನೆ ಟಾರ್ಚನ್ನು ಹೊಗೆಯ ಕಡೆ ತಿರುಗಿಸಿದೆ. ಅವರ ಮುಖ ತಿರುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಎಲ್ಲಿ?" ಎಂದರು. ಅಷ್ಟೇ. ಸೆರಗಿಗೆ ಕೈಹಾಕಿದವಳು ಬಿಟ್ಟು, ಹಳೆಯ ಪಂಚೆಯ ತುಂಡಿನಿಂದ ನಾನೇ ಒರೆಸಿದೆ. ಎಂಜಿನ್ನು ತಣಿಯಲಿ ಎಂದು ಅರ್ಧ ಗಂಟೆ ಕಾದು ಹೊರಟೆವು. ಕುಮಟಾ ಮುಟ್ಟುವವರೆಗೆ ಇಬ್ಬರೂ ಹವಾಮಾನದ ವಿಷಯ ಮಾತಾಡಿದೆವು.

ಊರಿಗೆ ಬಂದ ಮೇಲೆ ನಾನು ಹಟ ಹಿಡಿದೆ. ಗಾಡಿಯ ಹಿಂದೆ, ಬಾನೆಟ್ಟಿನ ಕೆಳಗೆ, ಎರಡೂ ಕಡೆ ದೀಪ ಹಾಕಿಸಬೇಕು. ತೆರೆದ ಕೂಡಲೇ ತಾನಾಗಿ ಹತ್ತಬೇಕು, ಸ್ವಿಚ್ಚು ಹುಡುಕುವಂತಿರಬಾರದು. "ಗಾಡಿಗೆ ಆಭರಣ ಯಾಕೆ?" ಎಂದರು ಇವರು. "ನನಗೆ ಕಾಣುವುದಿಲ್ಲ. ನಂಗೆ ಚಾಳೀಸು ಬಂದಿದೆ, ಮರೆತಿರಾ?" ಎಂದೆ. ನನ್ನ ಚಾಳೀಸಿಗೆ ಅಷ್ಟು ಬೆಲೆ ಹಿಂದೆಂದೂ ಬಂದಿರಲಿಲ್ಲ. ಅವರು ಕ್ಷಣ ನನ್ನ ಕಡೆ ನೋಡಿ, "ನಿನಗೆ ಬೇಕಾದರೆ ಹಾಕಿಸಿಕೋ" ಎಂದರು. ಮುವತ್ತು ವರ್ಷದ ಸಂಸಾರದಲ್ಲಿ ಸುಳ್ಳನ್ನು ಇಬ್ಬರೂ ಕೂಡಿ ಹೊತ್ತದ್ದು ಅದೇ ಮೊದಲಲ್ಲ ಬಿಡಿ.

ಆಟೋ ಇಲೆಕ್ಟ್ರಿಶಿಯನ್ ಅಂಗಡಿಯ ಹುಡುಗ ಮೊದಲು ನನ್ನ ಮಾತನ್ನು ತಪ್ಪು ತಿಳಿದ. "ಅಡಿಯಲ್ಲಿ ನೀಲಿ ಲೈಟು ಬೇಕಾ ಅಕ್ಕ? ಮ್ಯೂಸಿಕ್ಕಿಗೆ ಕುಣಿಯೋದು ಉಂಟು" ಎಂದ. ನನಗೆ ಕುಣಿಯುವ ವಯಸ್ಸು ದಾಟಿದೆ, ಪಾತ್ರೆ ಎಣಿಸುವಷ್ಟು ಬಿಳಿ ಬೆಳಕು ಸಾಕು ಎಂದೆ. ಆಮೇಲೆ ಅವನು ಒಂದು ಸುರುಳಿ ತೆಗೆದ. ಥೇಟ್ ನಮ್ಮ ಸೀರೆಗೆ ಹಚ್ಚುವ ಫಾಲಿನ ಸುರುಳಿಯಂತೆ ಐದು ಮೀಟರಿನ ಪಟ್ಟಿ, ಅದರ ಮೇಲೆ ಸಾಲಾಗಿ ಹಳದಿ ಚುಕ್ಕೆಗಳು, ಮೀಟರಿಗೆ ಅರುವತ್ತು. ಬೇಕಾದಲ್ಲಿ ಕತ್ತರಿಸುವಂತಿಲ್ಲ. ಮೂರು ಮೂರು ದೀಪಕ್ಕೊಂದು ಗೆರೆ ಹಾಕಿರುತ್ತಾರೆ, ಆ ಗೆರೆಯ ಮೇಲೇ ಕತ್ತರಿ ಆಡಬೇಕು. ಮೂರು ದೀಪ ಮತ್ತು ಒಂದು ರೆಸಿಸ್ಟರು ಕೂಡಿದರೆ ಹನ್ನೆರಡು ವೋಲ್ಟಿಗೆ ಹೊಂದುವ ಒಂದು ಸಂಸಾರ, ನಡುವೆ ಕತ್ತರಿಸಿದರೆ ಆ ಸಂಸಾರ ಕೆಟ್ಟಿತು.

ಹಳದಿ ಚುಕ್ಕೆ ಬಿಳಿ ಬೆಳಕು ಕೊಡುವುದು ಹೇಗೆಂದು ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುವ ಮಗಳನ್ನು ಫೋನಿನಲ್ಲಿ ಕೇಳಿದೆ. ಒಳಗಿರುವುದು ನೀಲಿ ದೀಪವಂತೆ, ಮೇಲಿನ ಹಳದಿ ಲೇಪ ಆ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತದ್ದು ನಮ್ಮ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿಯನ್ನು 1962ರಲ್ಲೇ ಅಮೆರಿಕದ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದರೂ, ಮನೆ ಬೆಳಗುವಂಥ ನೀಲಿ ಸಿಗಲು ಮತ್ತೆ ಮುವತ್ತು ವರ್ಷ ಕಾಯಬೇಕಾಯಿತಂತೆ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಮರುವರ್ಷವೇ ಉಜಾಲಾ ಯೋಜನೆಯ ಒಂಬತ್ತು ವ್ಯಾಟಿನ ಬಲ್ಬು ದೇಶದಲ್ಲಿ ಹಂಚಿಕೆಯಾಗತೊಡಗಿತು. ನೊಬೆಲ್ ಬಂದ ವಸ್ತು ಇಷ್ಟು ಬೇಗ ಬಚ್ಚಲುಮನೆ ಮುಟ್ಟಿದ್ದು ಬೇರೆ ಯಾವುದಾದರೂ ಇದೆಯೇ?

ಹುಡುಗ ಕೆಲಸಗಾರ. ಹಿಂದುಗಡೆ ಮಾಡಿನ ಎರಡೂ ಅಂಚಿಗೆ ಒಂದೊಂದು ಮೀಟರು, ಬಾನೆಟ್ಟಿನ ಒಳಮೈಗೆ ಅರ್ಧ ಮೀಟರು ಎಂದು ಲೆಕ್ಕ ಹಾಕಿದ. ಬಾನೆಟ್ಟಿಗೆ ಸಿಲಿಕೋನ್ ಹೊದಿಸಿದ ಪಟ್ಟಿಯೇ ಆಗಬೇಕು, ಹಿಂದಿನ ಅಂಟನ್ನು ನಂಬುವಂತಿಲ್ಲ, ಎಂಜಿನ್ನಿನ ಬಿಸಿಗೆ ವಾರದಲ್ಲಿ ಬಿಟ್ಟುಕೊಂಡು ಫ್ಯಾನಿಗೆ ಬೀಳುತ್ತದೆ ಎಂದು ಕ್ಲಿಪ್ಪು ಹಾಕಿ ಬಿಗಿದ. ಬ್ಯಾಟರಿಯಿಂದ ತಂತಿ ಹೊರಟ ಕೂಡಲೇ, ಗೇಣಿನೊಳಗೆ, ಒಂದು ಫ್ಯೂಸು. "ಫ್ಯೂಸು ದೀಪದ ಹತ್ತಿರ ಹಾಕಿದ್ರೆ ಏನು ಪ್ರಯೋಜನ ಅಕ್ಕ? ನಡುವೆ ತಂತಿ ಉಜ್ಜಿ ಬಾಡಿಗೆ ತಾಗಿದ್ರೆ ಗಾಡಿಯೇ ಹೊತ್ತಿಕೊಳ್ತದೆ" ಎಂದ. ತಂತಿಗೆ ಸುಕ್ಕುಸುಕ್ಕಿನ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಹೊಗೆಕೊಳವೆಯಿಂದ ದೂರ ಸುತ್ತಿಸಿ ತಂದ. ಎಂಜಿನ್ನು ಓಡುವಾಗ ಹನ್ನೆರಡು ವೋಲ್ಟು ಹದಿನಾಲ್ಕರ ಹತ್ತಿರ ಏರುತ್ತದೆಂದು ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ರೆಗ್ಯುಲೇಟರು ಬೇರೆ. ಒಟ್ಟು ಖರ್ಚು 1,150 ರೂಪಾಯಿ. ಉಳಿದ ಎರಡೂವರೆ ಮೀಟರಿಗೂ ದುಡ್ಡು ಕೊಟ್ಟಿದ್ದೇನಲ್ಲ, ಅದಿನ್ನೂ ನನ್ನ ಸೀರೆ ಬೀರುವಿನಲ್ಲಿದೆ.

ಇನ್ನು ಸ್ವಿಚ್ಚು. ಹಿಂದಿನ ಕಾಲದ ಕೆಲವು ಕಾರುಗಳ ಬಾನೆಟ್ಟಿನೊಳಗೆ ಪಾದರಸದ ಸ್ವಿಚ್ಚು ಇರುತ್ತಿತ್ತಂತೆ. ಗಾಜಿನ ಗುಳಿಗೆಯೊಳಗೆ ಪಾದರಸದ ಹನಿ, ಬಾನೆಟ್ಟು ಎತ್ತಿದರೆ ವಾಲಿ ಎರಡು ತಂತಿಗಳನ್ನು ಕೂಡಿಸುತ್ತದೆ, ಇಳಿಸಿದರೆ ಸರಿದು ಹೋಗುತ್ತದೆ. ಎಷ್ಟು ಚಂದ! ಆದರೆ ಪಾದರಸ ವಿಷ. ನಮಗೆ ಬಂದದ್ದು ಸಾದಾ ಗುಂಡಿ. ಗಾಡಿಯ ಲೋಹದ ಮೈಯೇ ಬ್ಯಾಟರಿಯ ನೆಗೆಟಿವ್ ತುದಿ. ಬಾಗಿಲು ತೆರೆದಾಗ ಸ್ಪ್ರಿಂಗು ಗುಂಡಿಯನ್ನು ಹೊರದೂಡಿ ತಂತಿಯನ್ನು ಆ ಮೈಗೆ ತಾಗಿಸುತ್ತದೆ, ದೀಪ ಹತ್ತುತ್ತದೆ. ಬಾಗಿಲು ಒತ್ತಿದರೆ ಸಂಬಂಧ ಕಡಿಯುತ್ತದೆ. ನಮ್ಮ ಫ್ರಿಜ್ಜಿನ ಗುಂಡಿಗೆ ಇದು ದಾಯಾದಿ.

ಆ ರಾತ್ರಿ ಅಂಗಳದಲ್ಲಿ ನಿಂತು ಹಿಂಬಾಗಿಲು ತೆರೆದೆ. ಹಿತ್ತಾಳೆ, ತಾಮ್ರ, ಸ್ಟೀಲು ಒಟ್ಟಿಗೆ ಹೊಳೆದವು. ಕೊರೆಸಿದ ಹೆಸರುಗಳೆಲ್ಲ ಓದಲು ಬಂದವು. ಗಾಡಿಯ ಮೂಲೆಯಲ್ಲಿ ಯಾವುದೋ ಕಾಲದ ಹಪ್ಪಳದ ಚೂರು, ನಾಲ್ಕು ಚಮಚ, ಯಾರದೋ ಮಗುವಿನ ಒಂದು ಕಾಲಿನ ಗೆಜ್ಜೆ ಕೂಡ ಸಿಕ್ಕವು. ಗೆಜ್ಜೆಯ ವಾರಸುದಾರರು ಇವತ್ತಿಗೂ ಸಿಕ್ಕಿಲ್ಲ.

ಸುಖ ಮೂರು ತಿಂಗಳು. ಒಂದು ಶುಕ್ರವಾರ ರಾತ್ರಿ ಪಾತ್ರೆ ತುಂಬುವಾಗ ಹಂಡೆಯ ಕಂಠ ಗುಂಡಿಗೆ ಬಡಿದು ಅದು ವಾರೆಯಾದದ್ದು ಯಾರಿಗೂ ತಿಳಿಯಲಿಲ್ಲ. ಬಾಗಿಲು ಮುಚ್ಚಿದರೂ ಗುಂಡಿಗೆ ತಾಗುತ್ತಿಲ್ಲ. ಒಳಗೆ ದೀಪ ಉರಿಯುತ್ತಲೇ ಇದೆ. ಹಿಂದಿನ ಗಾಜಿಗೆ ಬಿಸಿಲಿಗೆಂದು ರಟ್ಟು ಒತ್ತಿದ್ದೆವು, ಹೊರಗೆ ಕಾಣುವುದಾದರೂ ಹೇಗೆ? ಹುಡುಗ ಆಮೇಲೆ ಲೆಕ್ಕ ಹೇಳಿದ. ಎರಡು ಮೀಟರು ಪಟ್ಟಿ ಎರಡು ಆಂಪಿಯರಿಗೂ ಮೇಲೆ ಎಳೆಯುತ್ತದೆ, ಒಂದೂಕಾಲು ದಿನ ಬಿಟ್ಟರೆ ಬ್ಯಾಟರಿ ಬರಿದು. ಭಾನುವಾರ ಬೆಳಿಗ್ಗೆ ಐದಕ್ಕೆ, ಸಿದ್ದಾಪುರದ ಮದುವೆಮನೆಯಲ್ಲಿ ಅಡುಗೆಯವರು ಕೊಪ್ಪರಿಗೆಗಾಗಿ ಕಾಯುತ್ತಿರುವಾಗ, ನಾನು ಕೀಲಿ ತಿರುಗಿಸಿದರೆ ಗಾಡಿ "ಟಿಕ್" ಎಂದು ಸುಮ್ಮನಾಯಿತು. ಅಕ್ಕಪಕ್ಕದವರನ್ನು ಎಬ್ಬಿಸಿ, ಲುಂಗಿಯುಟ್ಟ ಐವರು ತಳ್ಳಿ, ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಬಿಟ್ಟು ಹೊರಡಿಸಿದ್ದಾಯಿತು. ಇವರು "ಆಭರಣ" ಎಂಬ ಒಂದೇ ಶಬ್ದ ಹೇಳಿದರು.

ಗುಂಡಿ ಬೇಡವೆಂದು ಹುಡುಗ ಈ ಸಲ ಆಯಸ್ಕಾಂತದ ಸ್ವಿಚ್ಚು ತಂದ. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತೆಳು ಎಲೆಗಳು, ಹತ್ತಿರ ಆಯಸ್ಕಾಂತ ಬಂದರೆ ಕೂಡಿಕೊಳ್ಳುತ್ತವೆ. ಬಾಗಿಲಿಗೆ ಆಯಸ್ಕಾಂತ, ಚೌಕಟ್ಟಿಗೆ ಸ್ವಿಚ್ಚು. ಬಡಿಯಲು ಏನೂ ಹೊರಗಿಲ್ಲ. ಹಾಕಿ ಮುಗಿಸಿ ಹೆಮ್ಮೆಯಿಂದ ಬಾಗಿಲು ತೆರೆದ. ದೀಪ ಆರಿತು! ಮುಚ್ಚಿದ, ರಟ್ಟಿನ ಸಂದಿಯಿಂದ ಬೆಳಕು ಬಂತು. ಹತ್ತಿರ ಬಂದರೆ ಕೂಡುವ ಜಾತಿಯದನ್ನು ತಂದಿದ್ದ, ನಮಗೆ ಬೇಕಾದದ್ದು ಹತ್ತಿರ ಬಂದರೆ ಅಗಲುವ ಜಾತಿಯದು. ನಾನು ನಕ್ಕದ್ದಕ್ಕೆ ಅವನೂ ನಕ್ಕು, ಮರುದಿನ ಬೇರೆಯದು ಹಾಕಿಕೊಟ್ಟ. ಜತೆಗೆ, ನನ್ನ ಒತ್ತಾಯಕ್ಕೆ, ಡ್ರೈವರ್ ಸೀಟಿನ ಪಕ್ಕ ಎಲ್ಲವನ್ನೂ ಒಮ್ಮೆಲೇ ಕಡಿಯುವ ಒಂದು ಸಾದಾ ಸ್ವಿಚ್ಚೂ ಬಂತು. ಎಷ್ಟೇ ತಾನಾಗಿ ನಡೆಯುವ ವ್ಯವಸ್ಥೆಯಾದರೂ ಮಲಗುವ ಮೊದಲು ಗ್ಯಾಸಿನ ನಾಬು ಮುಟ್ಟಿ ನೋಡುವವರಲ್ಲವೇ ನಾವು?

ಅಕ್ಕಯ್ಯ ಆ ವರ್ಷದ ದೀಪಾವಳಿ ಕಳೆದ ಮೇಲೆ ತಾವಾಗಿ ಬಂದರು. ನಾನು ಕರೆಯಲು ನಾಲ್ಕು ಸಲ ಹೋಗಿದ್ದೆ, ಅದಕ್ಕೆ ಬಂದರೋ, ಸೊಂಟ ಸರಿಯಾದುದಕ್ಕೆ ಬಂದರೋ, ನಾನು ಕೇಳಲಿಲ್ಲ. ಮದುವೆ ಮುಗಿದ ರಾತ್ರಿ ಗಾಡಿಯ ಹಿಂದೆ ಬಂದು, ಒಳಗಿನ ಬೆಳಕನ್ನೊಮ್ಮೆ ನೋಡಿ, "ನಾನೇ ಎಣಿಸ್ತೇನೆ ತಂಗಿ, ನೀನು ಬರ್ಕೋ" ಎಂದರು. ಅಂದಿನಿಂದ ಎಣಿಕೆ ಅವರದು, ಪುಸ್ತಕ ನನ್ನದು. ತಮ್ಮ ಚೀಲವನ್ನು ಮಾತ್ರ ಪ್ರತಿಸಲವೂ ಗಾಡಿಯಿಂದ ಬಹಳ ದೂರದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕಟ್ಟೆಯ ಮೇಲಿಡುತ್ತಾರೆ. ಅದನ್ನು ನೋಡಿದಾಗೆಲ್ಲ ನಾನು ಎಣಿಕೆ ತಪ್ಪುತ್ತೇನೆ.

ಬಾನೆಟ್ಟಿನ ದೀಪದ ಬಗ್ಗೆ ಇವರು ಹೊಗಳಿಯೂ ಇಲ್ಲ, ತೆಗಳಿಯೂ ಇಲ್ಲ. ಐದಕ್ಕೆ ಏಳುವುದು ತಪ್ಪಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಕತ್ತಲೆಯ ಅಂಗಳದ ನಡುವೆ ಆ ಬಿಳಿ ಬೆಳಕು, ಅದರಲ್ಲಿ ಬಾಗಿದ ಇವರ ಮುಖ. ಮೊದಲ ವರ್ಷ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬರಬರುತ್ತ ಕಡ್ಡಿ ಕಣ್ಣಿಗೆ ಹತ್ತಿರ ಹತ್ತಿರವಾಗುತ್ತ ಹೋಯಿತು. ಎಷ್ಟೋ ಸಲ ಚಹಾದ ನೀರು ಕುದಿದು ಇಂಗುವವರೆಗೂ ನಾನು ಕಿಟಕಿಯಲ್ಲೇ ನಿಂತದ್ದುಂಟು. ಹೋಗಿ ಹೇಳಲಾರೆ, ನೋಡದಿರಲಾರೆ.

ಕಳೆದ ಮಳೆಗಾಲ ಮುಗಿದು ಸುಗ್ಗಿ ಶುರುವಾಗುವ ಹೊತ್ತಿನ ಒಂದು ಬೆಳಿಗ್ಗೆ ಬಹಳ ಹೊತ್ತು ಹಾಗೇ ನಿಂತಿದ್ದರು. ಕಡ್ಡಿಯನ್ನು ಒರೆಸಿದರು, ಅದ್ದಿದರು, ಎತ್ತಿದರು, ಮತ್ತೆ ಒರೆಸಿದರು. ನಾನು ಒಲೆ ಸಣ್ಣ ಮಾಡಿದೆ. ಆಗ ಅಂಗಳದಿಂದ ಇವರ ಧ್ವನಿ ಬಂತು.

"ಕೇಳ್ತಾ? ಸ್ವಲ್ಪ ಇಲ್ಲಿ ಬಾ. ನಿನ್ನ ಚಾಳೀಸು ಹಾಕ್ಕೊಂಡೇ ಬಾ."